ನಾನು ಹಿಡಿಯದ ಮೌನವ್ರತ

ಮೊದಲ ಸಲ ಅದು ಬಂದದ್ದು ಮುಖ ತೊಳೆಯುವಾಗ. ಶ್ರಾವಣದ ಒಂದು ಬೆಳಗ್ಗೆ, ಅಕ್ಕಲಕೋಟದ ನಮ್ಮ ಖಾನಾವಳಿಯ ಹಿತ್ತಲಲ್ಲಿ, ನಳದ ಮುಂದೆ. ಬೊಗಸೆ ನೀರು ಎಡಗಲ್ಲಕ್ಕೆ ತಾಗಿತು. ಮೂಗಿನ ಪಕ್ಕದಿಂದ ಮೇಲಿನ ಒಸಡಿನವರೆಗೆ ಯಾರೋ ಕಾದ ಕಬ್ಬಿಣದ ಕಡ್ಡಿ ಎಳೆದ ಹಾಗಾಯಿತು. ಎರಡು ಸೆಕೆಂಡು ಇದ್ದಿರಬಹುದು. ಕೂಗಲು ಬಾಯಿ ತೆರೆದೆ. ಬಾಯಿ ತೆರೆದದ್ದಕ್ಕೆ ಇನ್ನೊಂದು ಬಂತು.

ಆಮೇಲೆ ಏನೂ ಇಲ್ಲ.

ಏನೂ ಆಗದವಳ ಹಾಗೆ ಒಳಗೆ ಹೋಗಿ ಬೇಳೆಗೆ ಒಗ್ಗರಣೆ ಹಾಕಿದೆ. ಅರವತ್ತು ಜನರ ಊಟ ಕಾಯುತ್ತಿತ್ತು.

ನನ್ನ ಹೆಸರು ನೀಲಮ್ಮ. ವಯಸ್ಸು ಐವತ್ತಾರು. ತವರು ಕರಜಗಿ, ಅಲ್ಲಿಯ ಕನ್ನಡ ಶಾಲೆಯಲ್ಲಿ ಏಳನೇ ಇಯತ್ತೆಯವರೆಗೆ ಓದಿದ್ದೇನೆ. ಮದುವೆಯಾಗಿ ಅಕ್ಕಲಕೋಟಕ್ಕೆ ಬಂದಂದಿನಿಂದ ಇಲ್ಲಿಯ ಗುಡಿಗೆ ಸ್ವಾಮಿಯ ದರ್ಶನಕ್ಕೆಂದು ಬರುವ ಯಾತ್ರಿಕರಿಗೆ ಅಡುಗೆ ಮಾಡಿ ಬಡಿಸುವುದೇ ನನ್ನ ಕೆಲಸ. ನನ್ನ ಬಾಯಿ ದೊಡ್ಡದು, ಅದನ್ನು ಮುಚ್ಚಿಡುವುದಿಲ್ಲ. ಮನೆಯವರನ್ನು ಕನ್ನಡದಲ್ಲಿ, ಹಾಲಿನವನನ್ನು ಮರಾಠಿಯಲ್ಲಿ, ಗ್ಯಾಸಿನವನನ್ನು ಹಿಂದಿಯಲ್ಲಿ ಬೈದುಕೊಂಡೇ ಈ ಖಾನಾವಳಿ ನಡೆಸಿದವಳು ನಾನು. ಸಿಟ್ಟು ಆರಿದ ಮೇಲೆ ಬರಿ ಎಂದು ಮಗಳು ರೇಖಾ ಹೇಳಿದಳು. ಆರಿದ ಮೇಲೆ ನಾನು ಬರೆಯುವವಳಲ್ಲ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಗಣಪತಿ ಹಬ್ಬದ ಹೊತ್ತಿಗೆ ಅದು ದಿನಕ್ಕೆ ಹತ್ತು ಸಲ ಬರತೊಡಗಿತು. ಬ್ರಶ್ ತಾಗಿದರೆ ಬರುತ್ತಿತ್ತು. ಫ್ಯಾನಿನ ಗಾಳಿ ಬಡಿದರೆ ಬರುತ್ತಿತ್ತು. ಭಕ್ಕರಿ ಅಗಿದರೆ ಅಂತೂ ಬಂದೇ ಬರುತ್ತಿತ್ತು. ಮೇಲಿನ ಹಲ್ಲಿನಲ್ಲೇ ನೋವು ಎಂದು ನಾನು ಪ್ರಮಾಣ ಮಾಡಿ ಹೇಳುತ್ತಿದ್ದೆ. ಹಲ್ಲಿನ ಡಾಕ್ಟರ್ ಬೇರು ಕೆಟ್ಟಿದೆ ಎಂದು ಒಂದು ಹಲ್ಲು ಕಿತ್ತರು. ನೋವು ಅಲ್ಲೇ ಇತ್ತು. ವಾರ ಬಿಟ್ಟು ಹೋದೆ. ಪಕ್ಕದ ಹಲ್ಲು ಚೆನ್ನಾಗಿದೆ, ಕೀಳುವುದಿಲ್ಲ ಎಂದರು. ನಾನು ಕುರ್ಚಿಯಿಂದ ಏಳಲೇ ಇಲ್ಲ. ಜಗಳವಾಡಿ ಅದನ್ನೂ ಕೀಳಿಸಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎನ್ನುತ್ತಾರಲ್ಲ, ಇಲ್ಲಿ ಬರೆ ಹಾಕಿಸಿಕೊಂಡವಳೂ ನಾನೇ, ಹಾಕಿ ಎಂದು ಹಟ ಹಿಡಿದವಳೂ ನಾನೇ. ಆ ಹಲ್ಲು ನನ್ನ ಬಳಿ ಇನ್ನೂ ಇದೆ. ಒಂದು ಹುಳುಕೂ ಇಲ್ಲ.

ದಸರೆ ಬರುವಷ್ಟರಲ್ಲಿ ಮಾತು ನಿಂತಿತು. ಮೊದಲು ತುಟಿಗೆ ತುಟಿ ತಾಗುವ ಅಕ್ಷರಗಳು ಹೋದವು. ಪ, ಬ, ಮ. ಅವ್ವ ಅನ್ನಬಹುದಿತ್ತು, ಅಪ್ಪ ಅನ್ನಲಾಗುತ್ತಿರಲಿಲ್ಲ. ಆಮೇಲೆ ಉಳಿದವೂ ಹೋದವು. ಒಂದು ಮಾತಿಗೆ ಒಂದು ಏಟು ಎಂದು ಯಾರಾದರೂ ನಿಮ್ಮ ಮುಂದೆ ಕೋಲು ಹಿಡಿದು ನಿಂತರೆ ನೀವು ಎಷ್ಟು ಮಾತಾಡುತ್ತೀರಿ? ಬಡಿಸುವಾಗ ಒಮ್ಮೊಮ್ಮೆ ಸೌಟು ಕೈಯಲ್ಲಿ ಹಿಡಿದು ಹಾಗೇ ನಿಂತುಬಿಡುತ್ತಿದ್ದೆ. ಕಣ್ಣು ಮುಚ್ಚಿರುತ್ತಿತ್ತು. ನೀರು ಸುರಿಯುತ್ತಿತ್ತು. ಹೋಗುವವರೆಗೆ ಅಲುಗಾಡುತ್ತಿರಲಿಲ್ಲ. ಅಲುಗಾಡಿದರೆ ಮತ್ತೆ ಬರುತ್ತಿತ್ತು.

ಓಣಿಯಲ್ಲಿ ಗುಸುಗುಸು ಶುರುವಾಯಿತು. ಗಂಡನೊಂದಿಗೆ ಜಗಳವಂತೆ, ಗಾಳಿ ಸೋಕಿದೆಯಂತೆ. ಒಂದು ದಿನ ಹಿಟ್ಟಿನ ಗಿರಣಿಯ ಸುಭದ್ರವ್ವ ಬಾಗಿಲಲ್ಲಿ ನಿಂತು ನಮ್ಮ ಅತ್ತೆಯನ್ನು ನೇರವಾಗಿ ಕೇಳಿದಳು.

"ಯಾಕ್ರಿ ಅತ್ಯಾ, ನಿಮ್ಮ ಸೊಸಿಗಿ ತಲಿ ಕೆಟ್ಟೈತಂತಲ್ರಿ?"

ಅತ್ತೆ ಎಂಬತ್ತರ ಹತ್ತಿರದವರು. ಬೇಳೆ ಆರಿಸುತ್ತಿದ್ದರು. ತಲೆ ಎತ್ತಲಿಲ್ಲ.

"ತಲಿ ಯಾಕ ಕೆಡತೈತಿ. ಮೌನ ಹಿಡದಾಳ. ಬರು ಪಾಡ್ಯಾ ತನಾ."

ಅಷ್ಟೇ. ನನ್ನ ಕಾಯಿಲೆಗೆ ಸಿಕ್ಕ ಮೊದಲ ಹೆಸರು ಅದು.

ನಾನು ಒಲೆಯ ಮುಂದೆ ನಿಂತು ಕೇಳಿಸಿಕೊಂಡೆ. ಅಲ್ಲ ಎನ್ನಲು ಬಾಯಿ ಬೇಕಿತ್ತು. ಮುದುಕಿ ನನ್ನ ಮಾನ ಉಳಿಸಲು ಸುಳ್ಳು ಹೇಳಿದಳು ಎಂದು ಆ ಹೊತ್ತಿಗೆ ಮನಸ್ಸು ತುಂಬಿ ಬಂದದ್ದೂ ನಿಜ. ಹುಚ್ಚಿ ಎನ್ನಿಸಿಕೊಳ್ಳುವುದಕ್ಕಿಂತ ವ್ರತಸ್ಥೆ ಎನ್ನಿಸಿಕೊಳ್ಳುವುದು ಮೇಲಲ್ಲವೇ? ಎರಡು ದಿನದ ಸುಳ್ಳು, ಅವರು ಹೇಳಿದ ಪಾಡ್ಯ ಎಂದರೆ ಯುಗಾದಿ, ಅಷ್ಟರೊಳಗೆ ಎಲ್ಲ ಮರೆತುಹೋಗುತ್ತದೆ ಎಂದುಕೊಂಡೆ.

ಅಕ್ಕಲಕೋಟದಲ್ಲಿ ಇಂಥದ್ದು ಮರೆತುಹೋಗುವುದಿಲ್ಲ. ಬೇರೆ ಊರಿನಲ್ಲಿ ಹೆಂಗಸು ಮಾತು ಬಿಟ್ಟರೆ ಏನಾಯಿತು ಎಂದು ಕೇಳುತ್ತಾರೆ. ಇಲ್ಲಿ ಕೈ ಮುಗಿಯುತ್ತಾರೆ. ಮಾತಿಲ್ಲ, ಊಟ ಬರೀ ಗಂಜಿ, ಕಣ್ಣು ಮುಚ್ಚಿದರೆ ಧಾರಾಕಾರ ನೀರು. ಪುಣೆಯಿಂದ ಬಂದ ಒಬ್ಬಾಕೆ ಮೊದಲು ಕಾಲು ಮುಟ್ಟಿದಳು. ಆಮೇಲೆ ಅವಳ ಜೊತೆಯವರು. ಹದಿನೈದು ದಿನದಲ್ಲಿ ನಾನು ಅವರ ಬಾಯಲ್ಲಿ ಮೌನಿ ಆಯಿ, ಎಂದರೆ ಮೌನದ ತಾಯಿ, ಆಗಿದ್ದೆ. ಹೆಂಗಸರು ಕಾಯಿ, ಹೂ, ಖಣ ತಂದು ನನ್ನ ಮುಂದೆ ಇಡುತ್ತಿದ್ದರು. ಒಬ್ಬರಾದರೂ ಎಲ್ಲಿ ನೋಯುತ್ತದೆ ಎಂದು ಕೇಳಲಿಲ್ಲ.

ಕೆಲಸವನ್ನು ಬರೆದು ಹೇಳಲು ಒಂದು ಪಾಟಿ, ಬಳಪ ಇಟ್ಟುಕೊಂಡಿದ್ದೆ. ಅಡುಗೆಗೆ ನೆರವಾಗುವ ಕಾಶವ್ವನಿಗೆ ಕನ್ನಡ ಓದಲು ಬರುತ್ತದೆ. ಒಂದು ಮಧ್ಯಾಹ್ನ ಅವಳಿಗೆಂದು "ಅನ್ನ ಮುಗಿದೈತಿ, ಇನ್ನೊಂದು ಪಾತೇಲಿ ಇಡು" ಎಂದು ಬರೆದು ಹಿಡಿದೆ. ಪಂಕ್ತಿಯಲ್ಲಿ ಕುಳಿತಿದ್ದ ಮರಾಠಿ ಹೆಂಗಸು ಎದ್ದು ಬಂದು ಪಾಟಿಯನ್ನು ಎರಡೂ ಕಣ್ಣಿಗೆ ಒತ್ತಿಕೊಂಡಳು. ಫೋಟೋ ತೆಗೆದುಕೊಂಡಳು. ಇಂದಿಗೂ ಯಾರದೋ ದೇವರ ಮನೆಯಲ್ಲಿ ನನ್ನ ಅನ್ನದ ಪಾತೇಲಿಗೆ ಊದಿನಕಡ್ಡಿ ಹಚ್ಚುತ್ತಿರಬಹುದು. ಆ ದಿನ ನನಗೆ ನಗು ಬಂತು. ನಕ್ಕದ್ದಕ್ಕೆ ನೋವು ಬಂತು. ಕಣ್ಣೀರು ಬಂತು. ಇನ್ನೂ ನಾಲ್ಕು ಜನ ಕಾಲು ಮುಟ್ಟಿದರು.

ದೀಪಾವಳಿಗೆ ರೇಖಾ ಸೋಲಾಪುರದಿಂದ ಬಂದಳು. ಅವಳು ಅಲ್ಲಿ ಒಂದು ಶಾಲೆಯ ಆಫೀಸಿನಲ್ಲಿ ಕ್ಲಾರ್ಕ್. ನಾನು ಸ್ಟ್ರಾ ಹಾಕಿ ಗಂಜಿ ಕುಡಿಯುವುದನ್ನು ಬಾಗಿಲಲ್ಲೇ ನಿಂತು ನೋಡಿದಳು. ಚಪ್ಪಲಿ ಬಿಡಲಿಲ್ಲ.

"ಅವ್ವಾ, ಮೌನ ಹಿಡದವರು ಸ್ಟ್ರಾ ಹಾಕ್ಕೊಂಡು ಉಣ್ತಾರೇನ? ಖರೇ ಹೇಳು, ಏನಾಗೈತಿ ನಿನಗ?"

ಮೂರು ತಿಂಗಳಲ್ಲಿ ಆ ಪ್ರಶ್ನೆ ಕೇಳಿದವಳು ಅವಳೊಬ್ಬಳೇ. ಪಾಟಿಯ ಮೇಲೆ ಕನ್ನಡದಲ್ಲಿ ಬರೆದೆ. ಅವಳು ಓದಿದ್ದು ಮರಾಠಿ ಶಾಲೆಯಲ್ಲಿ. ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಮರುವಾರ ಕನ್ನಡಕದ ನಂಬರು ತೆಗೆಸಲು ಎಂದು ಅತ್ತೆಗೆ ಹೇಳಿ ನನ್ನನ್ನು ಸೋಲಾಪುರದ ನ್ಯೂರಾಲಜಿಸ್ಟ್ ಹತ್ತಿರ ಕರೆದುಕೊಂಡು ಹೋದಳು.

ಡಾಕ್ಟರ್ ಹೆಣ್ಣುಮಗಳು. ಸೋಲಾಪುರದ ಅರಿವೆ ವ್ಯಾಪಾರಿಗಳ ಮನೆಯವರು, ಕನ್ನಡ ಮಾತಾಡುತ್ತಿದ್ದರು. ನನ್ನನ್ನು ಮುಟ್ಟಲಿಲ್ಲ. ಸುಮ್ಮನೆ ನೋಡಿದರು.

"ಎಲ್ಲಿ ನೂಸ್ತದ, ಕೈ ಮಾಡಿ ತೋರಸ್ರಿ."

ಕೈ ಎತ್ತಿದೆ. ಗಲ್ಲದಿಂದ ಎರಡು ಬೆರಳಿನಷ್ಟು ದೂರದಲ್ಲಿ ಕೈ ನಿಂತಿತು.

"ನೋಡ್ರಿ," ಎಂದು ಡಾಕ್ಟರ್ ರೇಖಾಳಿಗೆ ಹೇಳಿದರು. "ಹಲ್ಲು ನೂಸಿದವರು ಗಲ್ಲ ಒತ್ತಿ ಹಿಡೀತಾರ. ಇವರು ಕೈ ಹತ್ತರ ತರಂಗಿಲ್ಲ. ಇದು ಹಲ್ಲಿಂದಲ್ಲ. ಮಾರಿ ನರದ್ದು."

ಟ್ರೈಜೆಮಿನಲ್ ನ್ಯೂರಾಲ್ಜಿಯಾ.

ರೇಖಾ ಆ ಹೆಸರನ್ನು ಚೀಟಿಯ ಮೇಲೆ ಬರೆಸಿಕೊಂಡಳು. ಎಂ.ಆರ್.ಐ. ಆಯಿತು. ಮಿದುಳಿನಿಂದ ಮುಖಕ್ಕೆ ಬರುವ ನರಕ್ಕೆ ಒಂದು ರಕ್ತನಾಳ ತಾಗಿ ಒತ್ತುತ್ತಿತ್ತು. ಅಷ್ಟೇ ಕಾರಣ. ದೇವರೂ ಇಲ್ಲ, ದೆವ್ವವೂ ಇಲ್ಲ, ಹಲ್ಲೂ ಇಲ್ಲ. ನನಗೆ ಸಮಾಧಾನ ಆಗಬೇಕಿತ್ತು. ಆಗಲಿಲ್ಲ. ಇಷ್ಟು ಸಣ್ಣ ಸಂಗತಿ ಹೇಳಲು ಎರಡು ಹಲ್ಲು, ಒಂದು ವ್ರತ ಬೇಕಾಯಿತೇ ಎಂದು ರೇಗಿತು.

ಕಾರ್ಬಮಾಜಪಿನ್ ಗುಳಿಗೆ ಕೊಟ್ಟರು. ಮೊದಲ ತಿಂಗಳು ಅರ್ಧಕ್ಕರ್ಧ ಕಡಿಮೆಯಾಯಿತು. ಆಮೇಲೆ ಗುಳಿಗೆ ಹೆಚ್ಚಿಸಬೇಕಾಯಿತು. ಹೆಚ್ಚಿಸಿದರೆ ತಲೆ ತಿರುಗುತ್ತಿತ್ತು, ಒಂದು ತಾಟು ಎರಡಾಗಿ ಕಾಣುತ್ತಿತ್ತು, ಗೋಡೆ ಹಿಡಿದು ನಡೆಯುತ್ತಿದ್ದೆ. ಬಿಸಿ ಸಾರು ಒಬ್ಬರ ತೊಡೆಯ ಮೇಲೆ ಸುರಿದೆ. ಅವರು ಬೈಯಲಿಲ್ಲ. ಪ್ರಸಾದ ಅಂದರು. ಬೈದಿದ್ದರೆ ನನಗೆ ಹಾಯೆನಿಸುತ್ತಿತ್ತು.

ಇನ್ನು ನಾನು ಹೇಳಬಾರದೆಂದುಕೊಂಡದ್ದನ್ನು ಹೇಳುತ್ತೇನೆ.

ಸಂಕ್ರಾಂತಿಯ ಮರುದಿನ. ಪಡಸಾಲೆಯಲ್ಲಿ ಹದಿನೈದಿಪ್ಪತ್ತು ಜನ ಕುಳಿತಿದ್ದರು. ಅಷ್ಟು ಹೊತ್ತಿಗೆ ಅತ್ತೆ ನನಗೊಂದು ಚಾಪೆ, ಪಕ್ಕದಲ್ಲಿ ವಿಭೂತಿಯ ಬಟ್ಟಲು ಇಟ್ಟಿದ್ದರು. ಮರವಡೆಯಿಂದ ಗಂಡ ಹೆಂಡತಿ ಬಂದರು. ಹೆಂಡತಿಯ ಹೆಸರು ಕಮಲವ್ವ ಎಂದು ಗಂಡ ಹೇಳಿದ. ನಲವತ್ತೈದರ ಆಸುಪಾಸಿನ ಹೆಂಗಸು, ಹಸಿರು ಸೀರೆ. ಸೆರಗನ್ನು ಬಲಗಲ್ಲಕ್ಕೆ ಮರೆ ಮಾಡಿ ಹಿಡಿದಿದ್ದಳು. ಮರೆ ಮಾಡಿದ್ದಳೇ ಹೊರತು ತಾಗಿಸಿರಲಿಲ್ಲ. ನಮಸ್ಕಾರಕ್ಕೆ ಬಾಗಿದಳು, ಆದರೆ ಹಣೆ ನೆಲಕ್ಕೆ ಮುಟ್ಟಿಸದೆ ಅರ್ಧಕ್ಕೇ ನಿಂತು, ಕಣ್ಣು ಮುಚ್ಚಿ, ಹಾಗೇ ಕಾದಳು. ಕಣ್ಣಲ್ಲಿ ನೀರು ಬಂತು.

ನನಗೆ ಗೊತ್ತಾಯಿತು. ಡಾಕ್ಟರಿಗಿಂತ ಬೇಗ ಗೊತ್ತಾಯಿತು.

"ಭಾಳ ದಿವಸ ಆತ್ರಿ ಆಯಿ, ಗಲ್ಲ ಸಿಡೀತೈತಿ ಅಂತಾಳ," ಎಂದ ಗಂಡ. "ಮೂರು ಹಲ್ಲು ತಗಸೀವ್ರಿ. ನೀವು ಒಮ್ಮಿ ಕೈ ಇಡ್ರಿ."

ಪಾಟಿ ನನ್ನ ತೊಡೆಯ ಮೇಲಿತ್ತು. ಬಳಪ ಕೈಯಲ್ಲಿತ್ತು. ಡಾಕ್ಟರ ಹೆಸರು ಬರೆದು ತೋರಿಸಿದ್ದರೆ ಮುಗಿಯುತ್ತಿತ್ತು. ಬರೆಯಲಿಲ್ಲ. ಅತ್ತೆ ಪಕ್ಕದಲ್ಲೇ ನಿಂತಿದ್ದರು, ಇಪ್ಪತ್ತು ಜನ ನೋಡುತ್ತಿದ್ದರು, ಎಲ್ಲವೂ ನಿಜ. ಆದರೆ ಅದಕ್ಕಿಂತ ದೊಡ್ಡ ನಿಜ ಬೇರೆ ಇದೆ. ಮೂವತ್ತು ವರ್ಷ ಬಡಿಸಿದವಳನ್ನು ಯಾರೂ ಮುಖವೆತ್ತಿ ನೋಡಿರಲಿಲ್ಲ. ಭಾತ ಆಣಾ, ವರಣ ಆಣಾ ಎಂದು ಅನ್ನ, ಬೇಳೆ ತರಲು ಹೇಳುತ್ತಿದ್ದರು, ಅಷ್ಟೇ. ಈಗ ಅವರು ನನ್ನನ್ನು ನೋಡುವ ರೀತಿ ನನಗೆ ರುಚಿ ಹತ್ತಿತ್ತು. ಅವಳ ತಲೆಯ ಮೇಲೆ ಕೈ ಇಟ್ಟೆ. ಅಂಗೈಯಲ್ಲಿ ವಿಭೂತಿ ಹಾಕಿದೆ. ಅವರು ಹೋದರು.

ಊರ ಮೇಲೆಲ್ಲ ಸಿಟ್ಟು ಮಾಡುವ ನಾನು ಈ ಪ್ಯಾರಾ ಬರೆಯಲು ಎರಡು ದಿನ ತೆಗೆದುಕೊಂಡೆ.

ಗುಳಿಗೆ ಸಾಲುತ್ತಿಲ್ಲ ಎಂದು ಡಾಕ್ಟರಿಗೆ ತಿಳಿಯಿತು. ತಲೆ ತೆರೆದು ನರದಿಂದ ರಕ್ತನಾಳ ಸರಿಸುವ ಆಪರೇಶನ್ ಇದೆ, ಆದರೆ ನನಗೆ ಮಾಡುವುದು ಕಷ್ಟ ಎಂದರು. ನನ್ನ ಹೃದಯದ ಒಂದು ವಾಲ್ವ್ ಹಿಂದೆಯೇ ಬದಲಾಗಿದೆ. ರಕ್ತ ಹೆಪ್ಪುಗಟ್ಟದಂತೆ ದಿನವೂ ಗುಳಿಗೆ ನುಂಗುತ್ತೇನೆ. ಅದಕ್ಕೆ ರೇಡಿಯೋ ಸರ್ಜರಿ ಎಂದು ಪುಣೆಯ ಆಸ್ಪತ್ರೆಗೆ ಬರೆದುಕೊಟ್ಟರು. ಸಣ್ಣ ಸಣ್ಣ ಕಿರಣಗಳನ್ನು ಬೇರೆ ಬೇರೆ ದಿಕ್ಕಿನಿಂದ ಆ ನರದ ಒಂದೇ ಬಿಂದುವಿಗೆ ಬಿಡುತ್ತಾರೆ. ಕೊಯ್ಯುವುದಿಲ್ಲ, ಹೊಲಿಗೆ ಇಲ್ಲ. ಗುಣ ಕಾಣಲು ವಾರಗಳು, ತಿಂಗಳುಗಳು ಬೇಕಾಗಬಹುದು. ಗಲ್ಲ ಜೋಮು ಹಿಡಿಯಬಹುದು. ಕೆಲವರಿಗೆ ನೋವು ಮರಳಿ ಬರುತ್ತದೆ. ಒಂದನ್ನೂ ಮುಚ್ಚಿಡದೆ ಹೇಳಿದರು.

ತಾರೀಖು ಸಿಕ್ಕಿತು. ಈ ಸಲ ಮನೆಯಲ್ಲಿ ಹೇಳಲೇಬೇಕಾಯಿತು, ರೇಖಾ ಹೇಳಿದಳು. ಪಾಡ್ಯಕ್ಕೆ ಇನ್ನೂ ಐದು ವಾರ ಬಾಕಿ ಇತ್ತು.

"ಪಾಡ್ಯಾ ಆಗಲಿ, ಆಮ್ಯಾಲ ಹೋಗ್ರಿ," ಎಂದರು ಅತ್ತೆ. ಅಡುಗೆಮನೆಯಲ್ಲಿ ನಾನು, ಅವರು, ನಮ್ಮ ಮನೆಯವರು ಮೂವರೇ ಇದ್ದೆವು. "ಸ್ವಾಮಿ ಊರಾಗ ಹೇಳಿದ ಮೌನ ಅದು. ಅಲ್ಲಿ ಡಾಕ್ಟರು ಮಾತಾಡಸ್ತಾರ. ನಡುವ ಮುರದರ ಯಾರಿಗಿ ತಟ್ಟತೈತಿ?"

ನಾನು ನಂಬಲಾರದೆ ನೋಡಿದೆ. ಮುದುಕಿಗೆ ತಾನು ಹೇಳಿದ ಸುಳ್ಳೇ ದೇವರಾಗಿತ್ತು. ಪಾಟಿ ತೆಗೆದುಕೊಂಡು ದೊಡ್ಡ ಅಕ್ಷರದಲ್ಲಿ ಬರೆದೆ: ನಾನು ವ್ರತ ಹಿಡಿದಿಲ್ಲ. ಅತ್ತೆಗೆ ಓದು ಬರುವುದಿಲ್ಲ. ಮಗನ ಕಡೆ ಪಾಟಿ ತಿರುಗಿಸಿದರು.

"ಏನು ಬರದಾಳ ಓದೋ."

ನಮ್ಮ ಮನೆಯವರಿಗೆ ಕನ್ನಡ ಚೆನ್ನಾಗಿ ಬರುತ್ತದೆ. ಓದಿದರು. ನನ್ನನ್ನು ನೋಡಿದರು. ತಾಯಿಯನ್ನು ನೋಡಿದರು. ಅಂಗೈಯಿಂದ ಪಾಟಿ ಒರೆಸಿದರು.

"ನೀವು ಹ್ಯಾಂಗಂತೀರಿ ಹಂಗ ಅಂತ ಬರದಾಳವ್ವಾ," ಎಂದರು.

ಮೂವತ್ತು ವರ್ಷ ಇವರ ತಾಟಿಗೆ ಬಿಸಿ ಭಕ್ಕರಿ ಹಾಕಿದ್ದೇನೆ. ಒಂದು ದಿನವೂ ಆರಿದ್ದು ಹಾಕಿದವಳಲ್ಲ.

ಬಾಯಿ ತೆರೆದೆ. "ನಾ ಮೌನ ಹಿಡದಿಲ್ಲ," ಎಂದೆ. ಮೊದಲ ಏಟು ಅಲ್ಲೇ ಬಿತ್ತು. ನಿಲ್ಲಿಸಲಿಲ್ಲ. "ನನಗ ಬ್ಯಾನಿ ಐತಿ. ಎಲ್ಲಿ ಬ್ಯಾನಿ ಐತಿ ಅಂತ ಒಬ್ಬರರ ಕೇಳೀರೇನು? ನಾ ಪುಣೇಕ್ಕ ಹೊಂಟೀನಿ." ಏಳೆಂಟು ಸಲ ಹೊಡೆಯಿತು. ಕಟ್ಟೆ ಹಿಡಿದು ನೆಲಕ್ಕೆ ಕುಸಿದೆ. ಎದ್ದಾಗ ಅತ್ತೆ ಎರಡೂ ಕಿವಿ ಮುಚ್ಚಿಕೊಂಡು ಕುಳಿತಿದ್ದರು.

"ಮುರದಿ," ಎಂದರು. "ಇನ್ನ ಆದದ್ದು ನಿನ್ನ ಹಣಿಬಾರ."

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಈ ಗಾದೆ ಕಟ್ಟಿದವನ ಗಲ್ಲದ ನರ ಚೆನ್ನಾಗಿತ್ತು ಎಂದು ಕಾಣುತ್ತದೆ.

ಪುಣೆಯಲ್ಲಿ ಬೆಳಗ್ಗೆಯೇ ನನ್ನ ತಲೆಗೆ ಫ್ರೇಮ್ ಕೂಡಿಸಿದರು. ಲೋಹದ ಚೌಕಟ್ಟು. ಹಣೆಗೆ ಎರಡು, ಹಿಂದಲೆಗೆ ಎರಡು ಸ್ಕ್ರೂ. ಮೊದಲು ಆ ನಾಲ್ಕು ಕಡೆ ಇಂಜೆಕ್ಷನ್ ಕೊಟ್ಟರು. ಅದರ ಉರಿಯೇ ಜಾಸ್ತಿ. ಸ್ಕ್ರೂ ಬಿಗಿಯುವಾಗ ಬರೀ ಭಾರ. ಯಂತ್ರದೊಳಗೆ ತಲೆ ಕೂದಲೆಳೆಯಷ್ಟೂ ಅಲುಗಬಾರದು, ಅದಕ್ಕೆ ಇದು ಎಂದು ಡಾಕ್ಟರ್ ಹೇಳಿದರು. ಅಲುಗದೆ ಇರುವುದನ್ನು ನನಗೆ ಕಲಿಸಬೇಕಿರಲಿಲ್ಲ. ರೇಖಾ ಗಟ್ಟಿಯಾಗಿ ನಿಂತಿದ್ದಳು. ನಮ್ಮ ಮನೆಯವರು ಫ್ರೇಮ್ ನೋಡಿದವರೇ ಗೋಡೆ ಕಡೆ ತಿರುಗಿ ಅತ್ತರು. ಸಂತೈಸುವ ಮನಸ್ಸಾಗಲಿಲ್ಲ. ಪಾಟಿ ಒರೆಸಿದ ಕೈ ಅದು.

ಫ್ರೇಮಿನೊಂದಿಗೇ ಮತ್ತೆ ಎಂ.ಆರ್.ಐ. ಆಮೇಲೆ ಡಾಕ್ಟರು ಕಂಪ್ಯೂಟರಿನಲ್ಲಿ ಜಾಗ ಗುರುತು ಹಾಕುವವರೆಗೆ ಕಾದೆ. ಯಂತ್ರದೊಳಗೆ ಮಲಗಿಸಿದರು. ಟೆಕ್ನಿಶಿಯನ್ ಮೈಕಿನಲ್ಲಿ ಮರಾಠಿಯಲ್ಲಿ ಹೇಳಿದ: ತೊಂದರೆಯಾದರೆ ಮಾತಾಡಿ, ನಮಗೆ ಕೇಳಿಸುತ್ತದೆ. ಅರ್ಧ ವರ್ಷದಲ್ಲಿ ಮೊದಲ ಬಾರಿಗೆ ಒಬ್ಬರು ನನ್ನ ಮಾತು ಕೇಳಲು ಕಿವಿ ತೆರೆದು ಕುಳಿತಿದ್ದರು. ಹೇಳಲು ಏನೂ ಇರಲಿಲ್ಲ. ಸದ್ದಿಲ್ಲ, ಬಿಸಿಯಿಲ್ಲ, ಬೆಳಕಿಲ್ಲ. ಮುಕ್ಕಾಲು ಗಂಟೆ. ಮುಗಿಯಿತು ಎಂದಾಗ ಏನು ಮುಗಿಯಿತು ಎಂದು ತಿಳಿಯಲಿಲ್ಲ. ಫ್ರೇಮ್ ಬಿಚ್ಚಿ, ಹಣೆಯ ಮೇಲೆ ಎರಡು ಪಟ್ಟಿ ಅಂಟಿಸಿದರು. ಮರುದಿನ ಮನೆಗೆ ಕಳಿಸಿದರು.

ನೋವು ನನ್ನ ಜೊತೆಯೇ ಬಸ್ಸಿನಲ್ಲಿ ವಾಪಸು ಬಂತು.

ಹೀಗಾಗುತ್ತದೆ ಎಂದು ಅವರು ಹೇಳಿಯೇ ಇದ್ದರು. ಗುಳಿಗೆ ಬಿಡಬೇಡಿ, ಕಾಯಿರಿ ಎಂದಿದ್ದರು. ತಲೆಗೆ ಗೊತ್ತಿತ್ತು. ಗಲ್ಲಕ್ಕೆ ಯಾರು ಹೇಳುವುದು? ಓಣಿಯವರಿಗೆ ಯಾರು ಹೇಳುವುದು? ಕೊಯ್ಯದ ಆಪರೇಶನ್ ಎಂಥ ಆಪರೇಶನ್ ಎಂದು ಸುಭದ್ರವ್ವ ಬಂದು ಹೊಲಿಗೆ ಹುಡುಕಿದಳು. ಮೌನ ಮುರಿದದ್ದಕ್ಕೆ ಎಂದು ಅತ್ತೆಯ ಮುಖವೇ ದಿನಕ್ಕೆ ಹತ್ತು ಸಲ ಅನ್ನುತ್ತಿತ್ತು. ಹಣೆಯ ಮೇಲೆ ಸ್ಕ್ರೂಗಳ ಎರಡು ಕಲೆ ಉಳಿದಿದ್ದವು. ಒಬ್ಬ ಯಾತ್ರಿಕ ಹೆಂಗಸು ಅವು ಸ್ವಾಮಿಯ ಬೆರಳಿನ ಗುರುತು ಎಂದು ಪಕ್ಕದವಳಿಗೆ ಹೇಳಿದ್ದನ್ನು ನನ್ನ ಕಿವಿಯಾರೆ ಕೇಳಿದೆ. ಆ ದಿನ ಚಾಪೆ ಸುತ್ತಿ ಅಟ್ಟದ ಮೇಲೆ ಎಸೆದೆ. ವಿಭೂತಿಯ ಬಟ್ಟಲು ತೊಳೆದು ಉಪ್ಪಿನಕಾಯಿ ಹಾಕಿಟ್ಟೆ.

ಪಾಡ್ಯ ಬಂತು. ಮನೆ ಮುಂದೆ ಕೋಲಿಗೆ ಖಣ ಕಟ್ಟಿ ಗುಡಿ ಏರಿಸಿದರು. ನಾನು ಮಾತಾಡುವುದನ್ನು ನೋಡಲು ಹತ್ತಾರು ಜನ ಬಂದು ಕುಳಿತರು. ನನಗೆ ಆ ದಿನ ನೀರು ನುಂಗಲೂ ಆಗುತ್ತಿರಲಿಲ್ಲ. ಎದ್ದು ಒಳಗೆ ಹೋದೆ. ಮೌನ ಮುಂದುವರಿಸಿದ್ದಾರೆ ಎಂದು ಹೊಗಳುತ್ತಾ ಹೋದರು.

ನೋವು ಹೋದ ದಿನ ಯಾವುದೆಂದು ನನಗೆ ಸರಿಯಾಗಿ ಗೊತ್ತಿಲ್ಲ. ಮಾವಿನ ಹಣ್ಣು ಪೇಟೆಗೆ ಬಂದಿದ್ದವು. ದಿನಕ್ಕೆ ಇಪ್ಪತ್ತು ಹತ್ತಾಯಿತು, ಹತ್ತು ಮೂರಾಯಿತು. ಮೂಗಿನ ಪಕ್ಕ ದಪ್ಪವಾದ ಹಾಗೆ, ಹಲ್ಲು ಕೀಳಿಸಿದ ದಿನ ಇರುತ್ತದಲ್ಲ, ಹಾಗೆ. ಒಂದು ಬೆಳಗ್ಗೆ ಕಾಶವ್ವ ಸಾರಿನ ಪಾತೇಲಿಯನ್ನು ಕಟ್ಟೆಯ ತುದಿಗೆ ಇಟ್ಟದ್ದು ಕಂಡು ನಾನು ಬಾಯಿ ತುಂಬ ಕೂಗಿದೆ.

"ಏ ಕಾಶಿ, ಪಾತೇಲಿ ಬೀಳ್ತೈತಿ, ಕಣ್ಣ ಎಲ್ಲಿ ಇಟ್ಟೀ ಮಾರಾಯ್ತಿ."

ಕೂಗಿ, ಕಣ್ಣು ಮುಚ್ಚಿ, ಕಟ್ಟೆ ಹಿಡಿದು ಕಾದೆ. ಪ ಇತ್ತು, ಬ ಇತ್ತು, ಮ ಇತ್ತು.

ಬರಲಿಲ್ಲ.

ಆ ದಿನವೆಲ್ಲ ಬೈದೆ. ಕಾಶವ್ವನನ್ನು, ಹಾಲಿನವನನ್ನು, ಗಿರಣಿಯ ತನಕ ಹೋಗಿ ಸುಭದ್ರವ್ವನನ್ನು. ಮನೆಯವರ ಮುಂದೆ ಕುಳಿತು ಪಾಟಿಯ ವಿಷಯ ತೆಗೆದೆ. "ತಪ್ಪಾತು," ಎಂದರು. ಒಂದು ಸಲಕ್ಕೆ ಬಿಡಲಿಲ್ಲ. ಮೂರು ಸಲ ಹೇಳಿಸಿದೆ. ಯಾತ್ರಿಕರು ಮುಖ ಮುಖ ನೋಡಿಕೊಂಡರು. ಮೌನಿ ಆಯಿ ಇಷ್ಟು ಕಟುವಾಗಿ ಮಾತಾಡುತ್ತಾಳೆ ಎಂದು ಅವರಿಗೆ ಬೇಸರವಾಯಿತು. ಹದಿನೈದು ದಿನದಲ್ಲಿ ಕಾಲು ಮುಟ್ಟುವವರು ನಿಂತರು. ಭಾತ ಆಣಾ, ವರಣ ಆಣಾ ಶುರುವಾಯಿತು. ನೋಯುವ ಹೆಂಗಸಿಗೆ ಕೈ ಮುಗಿದ ಜನ ಗುಣವಾದವಳ ಕಡೆ ತಿರುಗಿ ನೋಡಲಿಲ್ಲ.

ಎಡಗಲ್ಲ ಈಗ ಜೋಮು. ಮೀಸೆಯ ಜಾಗದಲ್ಲಿ ಅನ್ನದ ಅಗುಳು ಅಂಟಿದ್ದರೆ ನನಗೆ ತಿಳಿಯುವುದಿಲ್ಲ; ಅತ್ತೆ ತಮ್ಮ ತುಟಿಯ ಮೇಲೆ ಮುಟ್ಟಿ ತೋರಿಸುತ್ತಾರೆ, ನಾನು ಒರೆಸಿಕೊಳ್ಳುತ್ತೇನೆ. ಗುಳಿಗೆ ಕಡಿಮೆಯಾಗಿದೆ, ನಿಂತಿಲ್ಲ. ಮರಳಿ ಬರಬಹುದು. ಮುಖ ತೊಳೆಯುವಾಗ ಈಗಲೂ ಒಂದು ಗಳಿಗೆ ಬೊಗಸೆ ತಡೆಯುತ್ತದೆ.

ಇಲ್ಲಿಗೆ ಮುಗಿಸಿ, ಡಾಕ್ಟರಿಗೆ ಕೈ ಮುಗಿದು ಬಿಡಬಹುದಿತ್ತು.

ಆಷಾಢದ ಒಂದು ಸೋಮವಾರ, ಹನ್ನೊಂದರ ಹೊತ್ತಿಗೆ, ಮರವಡೆಯವರು ಮತ್ತೆ ಬಂದರು. ಅವಳು ಅದೇ ಹಸಿರು ಸೀರೆಯಲ್ಲಿದ್ದಳು. ಕುತ್ತಿಗೆಯ ಎಲುಬು ಕಾಣುತ್ತಿತ್ತು. ಸೆರಗು ಬಲಗಲ್ಲದಿಂದ ಎರಡು ಬೆರಳು ದೂರ. ನಾನು ಮೊಳಕೆ ಕಾಳು ತೊಳೆಯುತ್ತಿದ್ದೆ. ಬಂದು ನನ್ನ ಮುಂದೆ ಬಾಗಿದಳು.

"ಏಳವ್ವಾ," ಎಂದೆ.

ಮೌನಿ ಆಯಿ ಮಾತಾಡಿದ್ದಕ್ಕೆ ಇಬ್ಬರೂ ಹೆದರಿದರು.

"ಎಷ್ಟು ಹಲ್ಲಾದವು ಈಗ?"

ಅವಳು ಬಾಯಿ ತೆರೆಯಲಿಲ್ಲ. ನಾಲ್ಕು ಬೆರಳು ತೋರಿಸಿದಳು.

"ಯಾವ ಡಾಕ್ಟರೂ ಸೋಲಾಪುರಕ್ಕ ಹೋಗ್ರಿ ಅನ್ನಲಿಲ್ಲೇನು?" ಎಂದು ಗಂಡನನ್ನು ಕೇಳಿದೆ. ದನಿ ಏರಿತ್ತು.

"ಅಂದಿದ್ರು ಆಯಿ. ಸಂಕ್ರಾಂತಿಕಿಂತ ಮೊದಲಽ ಚೀಟಿ ಬರದು ಕೊಟ್ಟಿದ್ರು," ಎಂದ. ಅಂಗಿಯ ಜೇಬಿನಿಂದ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಕಾಗದ ತೆಗೆದ. ಅದರ ಮೇಲೆ ಕುಂಕುಮ ಬಿದ್ದಿತ್ತು. "ನೀವು ಕೈ ಇಟ್ಟು ವಿಭೂತಿ ಕೊಟ್ರಲ್ರಿ. ಗುಣ ಆಗತೈತಿ, ಇನ್ಯಾಕ ದವಾಖಾನಿ ಅಂತ ದೇವರ ಮುಂದ ಇಟ್ಟಿದ್ವಿ."

ಆರು ತಿಂಗಳು.

ಅವನನ್ನು ಬೈಯಲು ಬಾಯಿ ಬಂದಿತ್ತು. ಯಾವ ಬಾಯಿಂದ ಬೈಯಲಿ? ಕಾಗದ ಬಿಡಿಸಿ ನೋಡಿದೆ. ನಮ್ಮ ಡಾಕ್ಟರ ಹೆಸರೇ ಇತ್ತು. ಕಾಳಿನ ಬುಟ್ಟಿ ಕಾಶವ್ವನ ಕೈಗೆ ಕೊಟ್ಟೆ.

"ನಾ ಮೌನಿ ಅಲ್ಲ ತಂಗೀ," ಎಂದು ಕಮಲವ್ವನಿಗೆ ಹೇಳಿದೆ. "ನನಗೂ ಇದಽ ಬ್ಯಾನಿ ಇತ್ತು. ಅವತ್ತಽ ನನಗ ಗೊತ್ತಾಗಿತ್ತು, ನಾ ಹೇಳಲಿಲ್ಲ. ನಡಿ, ಈಗಽ ಹೋಗೋಣ."

ಅವಳು ನನ್ನನ್ನು ನೋಡಿದಳು. ಆ ನೋಟದಲ್ಲಿ ಭಕ್ತಿ ಇರಲಿಲ್ಲ. ಬೈದಿದ್ದರೆ ಕೇಳಿಸಿಕೊಳ್ಳುತ್ತಿದ್ದೆ. ಅವಳಿಗೆ ಬೈಯಲೂ ಆಗುತ್ತಿರಲಿಲ್ಲ, ಅದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಹೊಸ್ತಿಲು ದಾಟುವಾಗ ಅತ್ತೆ ಒಳಗಿನಿಂದ ತಮ್ಮ ಹಳೆಯ ಉಣ್ಣೆಯ ಶಾಲು ತಂದರು. ಕಮಲವ್ವನ ತಲೆಯ ಮೇಲೆ ಹೊದಿಸಿ, ಅಂಚನ್ನು ಗಲ್ಲದಿಂದ ದೂರ ಎತ್ತಿ ಹಿಡಿದು ಅವಳ ಕೈಗೆ ಕೊಟ್ಟರು.

"ಗಾಳಿ ಬಡಿಲಾರದಂಗ ಹಿಡಿ. ಗಲ್ಲಕ್ಕ ಹತ್ತಿಸಬ್ಯಾಡ," ಎಂದರು. ಎಷ್ಟು ದಿನದಿಂದ ನೋಡಿ ತಿಳಿದುಕೊಂಡಿದ್ದರೋ, ನಾನು ಕೇಳಲಿಲ್ಲ. ಒಂದು ದಿನ ಕೇಳುತ್ತೇನೆ.

ಸೋಲಾಪುರದ ಎಸ್.ಟಿ. ಬಸ್ಸು ನಿಂತಿತ್ತು. ಎಡಗಡೆಯ ಸೀಟು ಸಿಕ್ಕಿತು. ಕಿಟಕಿಯ ಗಾಜು ಜಾಮ್ ಆಗಿತ್ತು, ಎಳೆದರೂ ಮುಚ್ಚಲಿಲ್ಲ. ಕಂಡಕ್ಟರನನ್ನು ಕರೆದು ಬೈದೆ. ಅವನಿಂದಲೂ ಆಗಲಿಲ್ಲ. ಕಮಲವ್ವನನ್ನು ಒಳಗೆ, ಅವಳ ಗಂಡನ ಪಕ್ಕ ಕೂಡಿಸಿ, ನಾನು ಕಿಟಕಿಗೆ ಕುಳಿತೆ. ಊರು ದಾಟಿದ ಮೇಲೆ ಗಾಳಿ ನೇರವಾಗಿ ನನ್ನ ಎಡಗಲ್ಲಕ್ಕೆ ಬಡಿಯತೊಡಗಿತು. ಕೂದಲು ಹಾರುವುದು ಕಾಣುತ್ತಿತ್ತು. ಗಲ್ಲಕ್ಕೆ ಏನೂ ತಿಳಿಯಲಿಲ್ಲ. ಅವಳು ಶಾಲಿನೊಳಗೆ ಕಣ್ಣು ಮುಚ್ಚಿ ನನ್ನ ಭುಜದ ಹಿಂದೆ ಸರಿದು ಕುಳಿತಿದ್ದಳು. ನಾನು ಸೋಲಾಪುರ ಬರುವವರೆಗೆ ಅಲುಗಲಿಲ್ಲ.